ಮಕ್ಕಳ ಬರಹ ಮಕ್ಕಳ ಕೈಯಲ್ಲೇ ಇರಲಿ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಮೊಬೈಲ್ ಕೊಡಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಕೊಟ್ಟಾಗಿದೆ. ಮಕ್ಕಳು ಅದರಲ್ಲಿ ಬರೆಯುತ್ತಲೂ ಇದ್ದಾರೆ. ಆ ಬರಹ ಎಲ್ಲಿ ಉಳಿಯುತ್ತದೆ ಎಂಬುದಷ್ಟೇ ನನ್ನ ಮಾತು.

ಮೂವತ್ತು ದಾಟಿದವರಿಗೆ ಆರ್ಕುಟ್ ನೆನಪಿರಬಹುದು. 2014ರ ಸೆಪ್ಟೆಂಬರ್ 30ರಂದು ಅದನ್ನು ಮುಚ್ಚಿದರು. 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ಹೋಯಿತು. 2020ರ ಜೂನ್‌ನಲ್ಲಿ ಸರ್ಕಾರದ ಆದೇಶ ಬಂದು ಟಿಕ್‌ಟಾಕ್ ನಿಂತಿತು. ಅದು ಸರಿಯೋ ತಪ್ಪೋ, ಬೇರೆ ಚರ್ಚೆ. ಅಲ್ಲಿದ್ದವರೆಲ್ಲ ಬಾಡಿಗೆ ಮನೆಯಲ್ಲಿದ್ದರು. ಬೀಗ ಬಿದ್ದಾಗ ಸಾಮಾನು ಹೊರಗೆ ತಂದವರು ಉಳಿಸಿಕೊಂಡರು, ಉಳಿದವರದ್ದು ಹೋಯಿತು.

ಸ್ವಂತ ದಿನಚರಿಯ ಪುಟ ಮಾಡುವುದು ಎಂಜಿನಿಯರ್ ಕೆಲಸವಲ್ಲ. ಟಿಮ್ ಬರ್ನರ್ಸ್-ಲೀ 1991ರಲ್ಲಿ ಜಗತ್ತಿಗೆ ತೋರಿಸಿದ ಮೊದಲ ಜಾಲತಾಣ ಬರೀ ಅಕ್ಷರ ಮತ್ತು ಕೊಂಡಿಗಳದ್ದು. ಅಂಥ ಪುಟ ಇಂದಿನ ಫೋನಿನಲ್ಲೂ ತೆರೆದುಕೊಳ್ಳುತ್ತದೆ. ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿ, ನಾಲ್ಕಾರು ಗುರುತುಗಳನ್ನು ಸೇರಿಸಿ, ಎಚ್‌ಟಿಎಂಎಲ್ ಕಡತವಾಗಿ ಉಳಿಸಿದರೆ ಪುಟ ಸಿದ್ಧ. ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಬೇಕು. ಹಳೆಯ ನುಡಿ ಅಕ್ಷರದಲ್ಲಿ ಬರೆದರೆ ಬೇರೆಯವರ ಫೋನಿನಲ್ಲಿ ಅದು ಗಜಿಬಿಜಿ. ಗಿಟ್‌ಹಬ್ ಪೇಜಸ್‌ನಂಥ ಕಡೆ ಇಂಥ ಪುಟವನ್ನು ದುಡ್ಡಿಲ್ಲದೆ ಇಡಬಹುದು. ಅದೂ ಒಂದು ಕಂಪನಿಯದ್ದೇ ಅಲ್ಲವೇ ಎಂದು ಕೇಳುವಿರಿ. ಹೌದು. ಆದರೆ ಮೂಲ ಕಡತ ನಿಮ್ಮ ಪೆನ್‌ಡ್ರೈವ್‌ನಲ್ಲಿರುತ್ತದೆ. ನಾಳೆ ಅವರು ಬಾಗಿಲು ಹಾಕಿದರೆ ಅದೇ ಕಡತವನ್ನು ಇನ್ನೊಂದು ಕಡೆ ಇಟ್ಟರಾಯಿತು.

ಹೆಣ್ಣುಮಕ್ಕಳ ತಾಯಂದಿರ ಭಯ ನನಗೆ ಗೊತ್ತು. ಇಲ್ಲಿ ಲೈಕ್ ಇಲ್ಲ, ಅಪರಿಚಿತರ ಮೆಸೇಜ್ ಬಂದು ಬೀಳುವ ಪೆಟ್ಟಿಗೆ ಇಲ್ಲ. ಆದರೆ ಹಾಕಿದ್ದನ್ನು ಯಾರೂ ಓದಬಹುದು, ನಕಲು ಮಾಡಬಹುದು. ಆದ್ದರಿಂದ ಮನೆ ವಿಳಾಸ, ಫೋನ್ ನಂಬರ್, ಕಾಲೇಜಿಗೆ ಹೋಗುವ ಬಸ್ಸಿನ ಹೊತ್ತು ಬೇಡ. ಫೋಟೋ ಬೇಡ. ಕಾವ್ಯನಾಮ ಸಾಕು. ಇನ್ನೊಬ್ಬರ ಮನೆಯ ಕಷ್ಟವನ್ನಂತೂ ಬರೆಯಲೇಬೇಡಿ.

ಮತ್ತೇನು ಬರೆಯುವುದು? ಲ್ಯಾಬಿನಲ್ಲಿ ಕಲಿತದ್ದು, ಓದಿದ ಪುಸ್ತಕ, ಅಜ್ಜಿಯ ಬಾಯಲ್ಲಷ್ಟೇ ಉಳಿದಿರುವ ಮಾತುಗಳು. ಬ್ಯಾರಿ ಮಾತಾಡುವ ಮಕ್ಕಳು ಅದನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ವಾರಕ್ಕೆ ಹತ್ತು ಸಾಲು ಬರೆದರೂ ಮೂರು ವರ್ಷದ ಪದವಿ ಮುಗಿಯುವಷ್ಟರಲ್ಲಿ ಸಾವಿರದೈನೂರು ಸಾಲು ದಾಟುತ್ತದೆ.

ದಾನಿಗಳಲ್ಲಿ ಒಂದು ವಿನಂತಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಬೆಳೆದವರು ನಾವು. ಹಾಗಿದ್ದೂ ಚೆಕ್ ಹಿಡಿದ ಮಗುವಿನ ಫೋಟೋ ಸಂಜೆಯೊಳಗೆ ಹತ್ತು ವಾಟ್ಸಾಪ್ ಗುಂಪು ಸುತ್ತುತ್ತದೆ. ಮಗುವಿನ ಪ್ರಗತಿ ತಿಳಿಯಬೇಕಿದ್ದರೆ ಅದು ತಾನಾಗಿ ತೋರಿಸಿದ ಬರಹವನ್ನು ಓದಿ. ತೋರಿಸದಿದ್ದರೆ ಅಂಕಪಟ್ಟಿ ಟ್ರಸ್ಟಿನಲ್ಲಿದೆ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗಾಗಿ ಕಚೇರಿಯ ಎರಡು ಕಂಪ್ಯೂಟರುಗಳನ್ನು ಭಾನುವಾರ ಬೆಳಿಗ್ಗೆ ಬಿಟ್ಟುಕೊಡಲು ಅಧ್ಯಕ್ಷರು ಒಪ್ಪಿದ್ದಾರೆ. ಝುಹರ್ ನಮಾಝಿನವರೆಗೆ ನಾನಿರುತ್ತೇನೆ. ಬರುವವರು ಒಂದು ಪೆನ್‌ಡ್ರೈವ್ ತನ್ನಿ. ಹದಿನೆಂಟು ತುಂಬದವರು ಜೊತೆಗೆ ಮನೆಯ ಹಿರಿಯರೊಬ್ಬರನ್ನೂ ಕರೆತನ್ನಿ.