ತಿದ್ದಬೇಕಾದುದು ಮೂಲವನ್ನು
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಮ್ಮಲ್ಲಿ ಓದಿದ ಕೆಲವರು ಇಂದು ತಂತ್ರಾಂಶ ರಚನೆಯ ಉದ್ಯೋಗದಲ್ಲಿದ್ದಾರೆ. ಅವರ ಕೆಲಸವೇನೆಂದು ತಾಯಿತಂದೆಗಳು ನನ್ನನ್ನು ಕೇಳುವುದುಂಟು. ಅದರ ಒಂದಂಶವನ್ನು ನಮಗೆಲ್ಲ ಪರಿಚಿತವಾದ ದಾಖಲಾತಿ ಪುಸ್ತಕದ ಮೂಲಕ ವಿವರಿಸಬಯಸುತ್ತೇನೆ.

ಹಲವು ವರ್ಷಗಳ ಹಿಂದೆ ಒಬ್ಬ ಹುಡುಗನ ಜನ್ಮದಿನಾಂಕವು ಆ ಪುಸ್ತಕದಲ್ಲಿ ತಪ್ಪಾಗಿ ನಮೂದಾಗಿತ್ತು. ಅವಸರದಲ್ಲಿದ್ದ ನಾನು ಅವನ ವರ್ಗಾವಣೆ ಪತ್ರದಲ್ಲಿ ಮಾತ್ರ ಸರಿಯಾದ ದಿನಾಂಕವನ್ನು ಬರೆದುಕೊಟ್ಟೆ. ಮೂಲವನ್ನು ವಿಧಿಪೂರ್ವಕವಾಗಿ ತಿದ್ದಿಸಲಿಲ್ಲ. ಮುಂದೆ ಅವನು ಎರಡನೆಯ ಪ್ರತಿಯನ್ನು ಪಡೆದಾಗ ಹಳೆಯ ತಪ್ಪೇ ಮರಳಿ ಬಂದಿತು. ಎರಡು ದಿನಾಂಕಗಳ ನಡುವೆ ಸಿಲುಕಿ ಅವನು ಕಚೇರಿಯಿಂದ ಕಚೇರಿಗೆ ಅಲೆದನು. ಆ ಅಲೆದಾಟಕ್ಕೆ ಕಾರಣನು ನಾನು.

ಕಂಪ್ಯೂಟರಿನಲ್ಲಿ ಇಂತಹ ಮೂಲ ಪುಸ್ತಕವೇ ಡೇಟಾಬೇಸ್. ಮಾಹಿತಿಯನ್ನು ಕೋಷ್ಟಕಗಳಲ್ಲಿಡುವ ಇಂದಿನ ಪದ್ಧತಿಗೆ 1970ರಲ್ಲಿ ಐ.ಬಿ.ಎಂ. ಸಂಸ್ಥೆಯ ಇ. ಎಫ್. ಕಾಡ್ ಎಂಬವರು ಶಾಸ್ತ್ರೀಯ ತಳಹದಿಯನ್ನು ಹಾಕಿದರು. ಯಾವ ಕೋಷ್ಟಕದಲ್ಲಿ ಯಾವ ಕಾಲಂ, ಅದರಲ್ಲಿರುವುದು ಅಂಕಿಯೋ ಅಕ್ಷರವೋ ದಿನಾಂಕವೋ ಎಂಬ ನಿರ್ಣಯಕ್ಕೆ ಸ್ಕೀಮಾ ಎಂದು ಹೆಸರು. ಅದನ್ನು ಬಳಸುವ ಪ್ರೋಗ್ರಾಂ ಜಾವಾ ಮುಂತಾದ ಬೇರೊಂದು ಭಾಷೆಯಲ್ಲಿರುವುದರಿಂದ ಆ ಹೆಸರುಗಳನ್ನು ಅಲ್ಲಿಯೂ ಬರೆಯಬೇಕಾಗುತ್ತದೆ. ಕೈಯಿಂದ ಬರೆದರೆ ತಪ್ಪು ನುಸುಳುತ್ತದೆ. ಜೂಕ್ ಎಂಬ ಸಾಧನವು ಸ್ಕೀಮಾವನ್ನು ತಾನೇ ಓದಿ, ಪ್ರತಿಯೊಂದು ಕೋಷ್ಟಕಕ್ಕೂ ತಕ್ಕ ಜಾವಾ ಕೋಡನ್ನು ಬರೆದುಕೊಡುತ್ತದೆ.

ಆದರೆ ಸಾಧನವಿದ್ದ ಮಾತ್ರಕ್ಕೆ ಸಾಲದು. ನೆನಪಾದಾಗ ನಡೆಸಿದರಾಯಿತೆಂದುಕೊಂಡರೆ ನಕಲು ಹಳತಾಗಿಬಿಡುತ್ತದೆ. ಆದುದರಿಂದ ಬಲ್ಲವರು ಅದನ್ನು ಬಿಲ್ಡ್‌ನಲ್ಲಿಯೇ, ಎಂದರೆ ಬರೆದ ಕೋಡಿನಿಂದ ಪ್ರೋಗ್ರಾಮನ್ನು ಸಿದ್ಧಗೊಳಿಸುವ ಕ್ರಮದಲ್ಲಿಯೇ, ಸೇರಿಸುತ್ತಾರೆ. ಮೇವನ್ ಎಂಬ ಬಿಲ್ಡ್ ಸಾಧನದಲ್ಲಿ ಹಂತಗಳು ನಿಶ್ಚಿತವಾಗಿವೆ: ಮೊದಲು ಕೋಡ್ ಉತ್ಪಾದನೆ, ಅನಂತರ ಕಂಪೈಲ್, ಆಮೇಲೆ ಪರೀಕ್ಷೆ. ಸ್ಕೀಮಾದ ಬದಲಾವಣೆಗಳನ್ನು ಕ್ರಮಸಂಖ್ಯೆಯಿಟ್ಟ ಕಡತಗಳಲ್ಲಿ ಬರೆದಿರಿಸಿ, ಉತ್ಪಾದನೆಗೆ ಮೊದಲೇ ಡೇಟಾಬೇಸಿಗೆ ಅನ್ವಯಿಸತಕ್ಕದ್ದು. ಒಬ್ಬರು ಕಾಲಂ ಒಂದರ ಹೆಸರನ್ನು ಬದಲಿಸಿ, ಇನ್ನೊಬ್ಬರು ಪ್ರೋಗ್ರಾಮಿನಲ್ಲಿ ಹಳೆಯ ಹೆಸರನ್ನೇ ಉಳಿಸಿದ್ದರೆ ಕಂಪೈಲರ್ ಅಲ್ಲಿಯೇ ತಡೆಯುತ್ತದೆ. ತಪ್ಪು ಮನೆಯೊಳಗೇ ಸಿಕ್ಕುತ್ತದೆ. ಇಲ್ಲವಾದರೆ ಅದು ಆಸ್ಪತ್ರೆಯ ಚೀಟಿಯಲ್ಲಿಯೋ ಬ್ಯಾಂಕಿನ ಲೆಕ್ಕದಲ್ಲಿಯೋ ಹೊರಬೀಳಬಹುದಾಗಿತ್ತು.

ಇಲ್ಲೊಂದು ಕಟ್ಟುನಿಟ್ಟಾದ ನಿಯಮವುಂಟು. ಸಾಧನವು ಬರೆದ ಕಡತವನ್ನು ಕೈಯಿಂದ ತಿದ್ದಕೂಡದು. ಮತ್ತೆ ಉತ್ಪಾದಿಸಿದೊಡನೆ ಆ ತಿದ್ದುಪಡಿ ಅಳಿಸಿಹೋಗುತ್ತದೆ. ನಾನು ಬರೆದುಕೊಟ್ಟ ವರ್ಗಾವಣೆ ಪತ್ರದ ಗತಿಯೇ ಅದಕ್ಕೂ ಆಗುತ್ತದೆ.

ಯಂತ್ರವು ಹೊಂದಿಕೆಯನ್ನು ನೋಡುತ್ತದೆಯೇ ಹೊರತು ಸತ್ಯವನ್ನಲ್ಲ. ಮೂಲದಲ್ಲಿಯೇ ತಪ್ಪು ದಿನಾಂಕವಿದ್ದರೆ ಅದು ತಪ್ಪನ್ನೇ ನಿಷ್ಠೆಯಿಂದ ಒಪ್ಪಿಸುತ್ತದೆ. ಆ ಎಚ್ಚರವು ಮನುಷ್ಯನದು. ನಮ್ಮ ಗಡಿನಾಡಿನಲ್ಲಿ ಒಂದೇ ಹೆಸರನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಎಂದು ಮೂರು ಲಿಪಿಗಳಲ್ಲಿ ಬರೆಯಬೇಕಾಗುವುದರಿಂದ ಅದು ಇನ್ನಷ್ಟು ಅಗತ್ಯ. ಪೋಷಕರೇ, ಮಕ್ಕಳನ್ನು ಶಾಲೆಗೆ ಸೇರಿಸುವಾಗ ಬರೆದುದನ್ನು ಪೂರ್ತಿಯಾಗಿ ಓದಿಸಿ ಕೇಳಿ, ಅನಂತರವೇ ಸಹಿ ಹಾಕಿರಿ. ಮಕ್ಕಳೇ, ತಪ್ಪು ಕಂಡಾಗ ಅದು ಹುಟ್ಟಿದ ಸ್ಥಳಕ್ಕೆ ಹೋಗಿ ತಿದ್ದುವ ಅಭ್ಯಾಸವನ್ನು ಈಗಿನಿಂದಲೇ ಬೆಳೆಸಿಕೊಳ್ಳಿರಿ.