ಐವತ್ತೈದರ ಮೇಲೆ ಜಾರುವ ವಿದ್ಯೆ

(ಸಂಘದ ಮಹಿಳಾ ಕೂಟದಲ್ಲಿ ಮಾಡಿದ ಭಾಷಣ)



ವೇದಿಕೆಯ ಮೇಲೆ ನಾವು ಮೂವರು ನಿಂತಿದ್ದರೂ ಭಾಷಣ ಒಂದೇ, ತಾವು ಗಾಬರಿಯಾಗಬೇಕಾದ್ದಿಲ್ಲ. ನಮ್ಮಲ್ಲೊಬ್ಬರು ಮೈಸೂರಿನವರು, ಒಬ್ಬರು ಧಾರವಾಡದವರು, ಇನ್ನೊಬ್ಬರು ಕುಂದಾಪುರದ ಕಡೆಯವರು. ಮೂವರೂ ಐವತ್ತೈದು ದಾಟಿದವರು. 2023ರ ಬೇಸಿಗೆಯಲ್ಲಿ ಮೊಮ್ಮಕ್ಕಳನ್ನು ಗುರುಗ್ರಾಮದ ಮಾಲೊಂದರೊಳಗಿನ ಮಂಜುಗಡ್ಡೆಯ ಅಂಗಳಕ್ಕೆ ಸ್ಕೇಟಿಂಗ್ ಕಲಿಯಲು ಕರೆದೊಯ್ಯುವ ಕೆಲಸ ನಮ್ಮ ಪಾಲಿಗೆ ಬಂದಿತು. ಹೊರಗೆ ದೆಹಲಿಯ ಬಿಸಿಲು, ಒಳಗೆ ಮಾಘದ ಚಳಿ. ಶಾಲು ಹೊದ್ದು ಎಷ್ಟು ದಿನವೆಂದು ಕುಳಿತಿರುವುದು? ನಾವೂ ಹೆಸರು ಬರೆಸಿದೆವು. ಸೀರೆ ಬಿಟ್ಟು ಸಲ್ವಾರ್ ತೊಟ್ಟದ್ದೇ ಮೊದಲ ಪಾಠವೆನ್ನಬೇಕು.

ಎರಡನೆಯ ಪಾಠ ಬೀಳುವುದು. ಇದನ್ನು ಕ್ರಮವಾಗಿಯೇ ಕಲಿಸುತ್ತಾರೆ. ಮಂಡಿ ಬಗ್ಗಿಸಿ, ಪಕ್ಕಕ್ಕೆ ವಾಲಿ, ಸೊಂಟದ ಬದಿಯ ಮೇಲೆ ಕುಳಿತುಬಿಡಬೇಕು. ಕೈಯೂರಬಾರದು. ಬಿದ್ದೊಡನೆ ಬೆರಳುಗಳನ್ನು ಮುಷ್ಟಿಯೊಳಗೆ ಸೇರಿಸಬೇಕು, ಏಕೆಂದರೆ ಇನ್ನೊಬ್ಬರ ಅಲಗು ಪಕ್ಕದಲ್ಲೇ ಹಾದುಹೋಗುತ್ತಿರುತ್ತದೆ. ಮಕ್ಕಳಿಗೆ ಇದೊಂದು ಆಟ. ಅವರು ಬೀಳುವುದು ಮೊಳದೆತ್ತರದಿಂದ. ನಮಗಾದರೋ ನೆಲ ಬಹಳ ದೂರ.

ಅಲಗೆಂದರೆ ಚಾಕುವಿನಂತೆ ಒಂದೇ ಅಂಚಿನದೆಂದು ತಿಳಿದಿದ್ದೆವು. ಹಾಗಲ್ಲ. ಅದರ ಅಡಿಯಲ್ಲಿ ಉದ್ದಕ್ಕೂ ಕಾಲುವೆಯಂಥ ಸಣ್ಣ ತಗ್ಗಿದೆ; ತಗ್ಗಿನ ಎರಡು ಬದಿಗೆ ಒಳ ಅಂಚು, ಹೊರ ಅಂಚು. ಮೈ ಯಾವ ಕಡೆಗೆ ವಾಲುವುದೋ ಆ ಕಡೆಯ ಅಂಚು ಕಚ್ಚಿಕೊಂಡು ಪಾದ ಬಿಲ್ಲಿನಂತೆ ಬಾಗಿ ಸಾಗುತ್ತದೆ. ತುದಿಯಲ್ಲಿ ಗರಗಸದ ಹಲ್ಲುಗಳಿವೆ. ನೆಗೆಯುವವರಿಗೆ ಅವು ಆಧಾರ, ನಮ್ಮಂಥವರಿಗೆ ಮುಗ್ಗರಿಸುವ ಸಾಧನ. ಫಿಗರ್ ಸ್ಕೇಟಿಂಗ್ ಎಂಬ ಹೆಸರು ಬಂದದ್ದೂ ಈ ಅಂಚುಗಳಿಂದ ಮಂಜಿನ ಮೇಲೆ ಬರೆಯುತ್ತಿದ್ದ ಆಕೃತಿಗಳಿಂದಲೇ. ಇಂಗ್ಲಿಷಿನ ಎಂಟರ ಅಂಕಿಯನ್ನು ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ತಿದ್ದಬೇಕಿತ್ತು, ನಾವು ಮರಳಿನಲ್ಲಿ ಅಕ್ಷರ ತಿದ್ದಿದ ಹಾಗೆ. 1990ರ ಬಳಿಕ ವಿಶ್ವಪಂದ್ಯಗಳಲ್ಲಿ ಇದನ್ನು ಕೈಬಿಟ್ಟರು. ನಮಗೆ ಅದು ನ್ಯಾಯವಾಗಿ ತೋರಲಿಲ್ಲ. ನಮ್ಮಿಂದ ಆದೀತೆಂಬ ಆಸೆಯಿದ್ದದ್ದು ಅದೊಂದರಲ್ಲೇ!

ಕಂಬಿ ಬಿಡುವುದಕ್ಕೆ ಎರಡು ತಿಂಗಳಾಯಿತು. ಎರಡು ಪಾದಗಳನ್ನು ಅಗಲಿಸಿ ಕೂಡಿಸುತ್ತ ಮೀನಿನಾಕಾರ ಬರೆಯುವುದಕ್ಕೆ ಇನ್ನೊಂದು. ಮೊಮ್ಮಕ್ಕಳು ಅಷ್ಟರಲ್ಲಿ ಹಿಂದುಮುಂದಾಗಿ ಓಡಾಡುತ್ತಿದ್ದರು.

ಐದನೆಯ ತಿಂಗಳಲ್ಲಿ ಧಾರವಾಡದವರು ಹಿಂದಕ್ಕೆ ಜಾರುತ್ತ ಬಿದ್ದರು. ಪಾಠವೆಲ್ಲ ಮರೆತು ಕೈಯೂರಿದರು, ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ಮಗ ಬೂಟುಗಳನ್ನು ಅಟ್ಟದ ಮೇಲಿಟ್ಟ. ನಮ್ಮ ವಯಸ್ಸಿನ ಹೆಂಗಸರ ಮೂಳೆ ಒಳಗೊಳಗೇ ಸವೆಯುತ್ತದೆ. ಪರೀಕ್ಷೆ ಮಾಡಿಸದೆ ಮಂಜಿಗಿಳಿದದ್ದು ನಮ್ಮ ಮೂವರದೂ ತಪ್ಪು. ಆಮೇಲೆ ಮಾಡಿಸಿದೆವು, ತಾವೂ ಮಾಡಿಸಿಕೊಳ್ಳಿ. ನಾವಿಬ್ಬರು ಅಪರಾಧಿಗಳಂತೆ ಹಣ್ಣು ಹಿಡಿದು ನೋಡಲು ಹೋಗಿ, "ಇನ್ನು ಸಾಕು ಬಿಡಿ ಅಕ್ಕಾ" ಎಂದೆವು.

"ಬೀಳೂದಕ್ಕ ಇಷ್ಟ ರೊಕ್ಕ ಕೊಟ್ಟೀನಿ. ತಿರುಗೂದು ಕಲಿಯೂದು ಇನ್ನೂ ಬಾಕಿ ಅದ ಅಲ್ರೀ?" ಎಂದರು ಅವರು.

ಮಗನೊಡನೆ ಎಷ್ಟು ವಾದ ನಡೆಯಿತೋ ನಾವು ಕೇಳಲಿಲ್ಲ. ಮುಂದಿನ ಬೇಸಿಗೆಗೆ ಎರಡೂ ಮಣಿಕಟ್ಟಿಗೆ ಕಾಪು ಕಟ್ಟಿಕೊಂಡು ಬಂದರು. ಮೊದಲ ದಿನ ಕಂಬಿಯನ್ನು ಬಿಡಲೇ ಇಲ್ಲ. ಕೈ ನಡುಗುತ್ತಿದ್ದುದು ನಮಗೆ ಕಾಣುತ್ತಿತ್ತು.

ಒಂಟಿ ಕಾಲಿನ ಮೇಲೆ, ಹೊರ ಅಂಚಿನಿಂದ ಮುಂದೆ ಸಾಗಿ, ತಟಕ್ಕನೆ ತಿರುಗಿ, ಅದೇ ಕಾಲಿನ ಒಳ ಅಂಚಿನಲ್ಲಿ ಹಿಂದಕ್ಕೆ ಹೋಗುವುದೊಂದುಂಟು. ಸರಿಯಾಗಿ ಆದರೆ ಮಂಜಿನ ಮೇಲೆ ಇಂಗ್ಲಿಷಿನ ಮೂರರ ಅಂಕಿ ಮೂಡುತ್ತದೆ. ನಮ್ಮಿಬ್ಬರಿಗೆ ಅದು ಇಂದಿಗೂ ಬಂದಿಲ್ಲ. ಧಾರವಾಡದವರಿಗೆ ಒಂದು ಭಾನುವಾರ ಬಂದೇಬಿಟ್ಟಿತು. ಅಷ್ಟರಲ್ಲಿ ಮಂಜನ್ನು ನುಣುಪು ಮಾಡುವ ಯಂತ್ರ ಅಂಗಳಕ್ಕೆ ಇಳಿಯುತ್ತಿತ್ತು. ಅವರು ಕೈ ಅಡ್ಡ ಹಿಡಿದು, "ಭಯ್ಯಾ, ಏಕ್ ಮಿನಿಟ್" ಎಂದು ಅದನ್ನು ನಿಲ್ಲಿಸಿ, ಮೊಮ್ಮಗನನ್ನು ಕೂಗಿ ಕರೆದು ಗುರುತನ್ನು ತೋರಿಸಿದರು.

ಹುಡುಗ ಬಗ್ಗಿ ನೋಡಿದ. "ಕೆಳಗಿನ ಸುತ್ತು ಸಣ್ಣ ಆಗೇದ, ಅಜ್ಜಿ" ಎಂದ.