ಕಿಡ್ನಿ ಸೋತವರ ಊಟದಲ್ಲಿ ರಂಜಕ



ಕಿಡ್ನಿ ತೊಂದರೆ ಇರುವ ಮನೆಗಳಲ್ಲಿ ಕ್ರಿಯಾಟಿನಿನ್ ಎಂಬ ಹೆಸರು ಮಕ್ಕಳಿಗೂ ಗೊತ್ತಿರುತ್ತದೆ. ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರೂ ಹುಡುಕುವುದು ಅದನ್ನೇ. ಅದೇ ಹಾಳೆಯಲ್ಲಿ ಫಾಸ್ಫರಸ್ ಎಂಬ ಇನ್ನೊಂದು ಸಾಲು ಇರುತ್ತದೆ. ಅದನ್ನು ನೋಡುವವರು ಕಡಿಮೆ. ಇವತ್ತಿನ ಮಾತು ಆ ಸಾಲಿನ ಬಗ್ಗೆ.

ಫಾಸ್ಫರಸ್ ಎಂದರೆ ರಂಜಕ. ಕಬ್ಬಿನ ಗದ್ದೆಗೆ ಡಿಎಪಿ ಹಾಕುವ ನಮ್ಮ ರೈತರಿಗೆ ಇದು ಹೊಸದಲ್ಲ. ಪೈರಿಗೆ ಬೇಕಾದಂತೆ ನಮಗೂ ಅದು ಬೇಕೇ ಬೇಕು. ದೊಡ್ಡವರ ಮೈಯಲ್ಲಿ ಸುಮಾರು 700 ಗ್ರಾಂ ರಂಜಕವಿದೆ, ಅದರಲ್ಲಿ ನೂರಕ್ಕೆ 85 ಪಾಲು ಮೂಳೆ, ಹಲ್ಲುಗಳಲ್ಲಿ. ದಿನದ ಊಟದಲ್ಲಿ ಹೆಚ್ಚಾಗಿ ಬಂದದ್ದನ್ನು ಕಿಡ್ನಿ ಮೂತ್ರದಲ್ಲಿ ಕಳಿಸಿಬಿಡುತ್ತದೆ. 1669ರಲ್ಲಿ ಹ್ಯಾಂಬರ್ಗ್ ಪಟ್ಟಣದ ಹೆನ್ನಿಗ್ ಬ್ರಾಂಡ್ ಚಿನ್ನ ಮಾಡುವ ದಾರಿ ಹುಡುಕುತ್ತ ಮೂತ್ರವನ್ನು ಬತ್ತಿಸಿ ಕಾಯಿಸಿದಾಗ ಕೈಗೆ ಸಿಕ್ಕಿದ್ದು ಈ ರಂಜಕವೇ.

ರಕ್ತದಲ್ಲಿ ಇದು ಡೆಸಿಲೀಟರಿಗೆ ಸುಮಾರು 2.5ರಿಂದ 4.5 ಮಿಲಿಗ್ರಾಂ ಇರಬೇಕು. ಕಿಡ್ನಿ ಕೆಡಲು ಶುರುವಾದಾಗ ಮೂಳೆಯಿಂದ ಬರುವ ಒಂದು ಹಾರ್ಮೋನು, ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳಿಂದ ಬರುವ ಇನ್ನೊಂದು ಹಾರ್ಮೋನು ಸೇರಿ, ಅಳಿದುಳಿದ ಕಿಡ್ನಿಯಿಂದಲೇ ಹೆಚ್ಚು ಕೆಲಸ ತೆಗೆಸುತ್ತವೆ. ಹಾಗಾಗಿ ಬಹಳ ದಿನ ರಿಪೋರ್ಟ್ ಸರಿಯಾಗಿಯೇ ಕಾಣುತ್ತದೆ. ಕಿಡ್ನಿಯ ಶಕ್ತಿ ಕಾಲು ಭಾಗಕ್ಕೆ ಇಳಿಯುವ ಹೊತ್ತಿಗೆ ಈ ಪ್ರಯತ್ನವೂ ಸಾಲದೆ ರಂಜಕ ಏರತೊಡಗುತ್ತದೆ. ಆಗಲೂ ನೋವಿಲ್ಲ, ಜ್ವರವಿಲ್ಲ. ಕೆಲವರಿಗೆ ಮೈಯೆಲ್ಲಾ ತುರಿಕೆ ಬರುತ್ತದೆ. ಒಳಗೆ ಮೂಳೆಯಿಂದ ಸುಣ್ಣದಂಶ ಕಳಚಿಹೋಗುತ್ತದೆ, ರಂಜಕ ಮತ್ತು ಸುಣ್ಣ ಕೂಡಿಕೊಂಡು ರಕ್ತನಾಳದ ಗೋಡೆಯಲ್ಲಿ, ಹೃದಯದ ಕವಾಟದಲ್ಲಿ ಗಟ್ಟಿ ಕಟ್ಟುತ್ತವೆ. ಕಿಡ್ನಿ ರೋಗಿಗಳಲ್ಲಿ ಬಹಳ ಜನ ಕೊನೆಗೆ ಹೃದಯದ ತೊಂದರೆಯಿಂದಲೇ ತೀರಿಕೊಳ್ಳುತ್ತಾರೆ. ಅದಕ್ಕೇ ಈ ಸಾಲನ್ನು ಕಡೆಗಣಿಸಬಾರದು ಎನ್ನುವುದು.

ಡಯಾಲಿಸಿಸ್ ಮಾಡಿಸಿದರೆ ಇದೂ ಹೋಗುವುದಿಲ್ಲವೇ ಎಂದು ಕೇಳುತ್ತೀರಿ. ಹೋಗುತ್ತದೆ, ಆದರೆ ಸಾಲುವಷ್ಟಲ್ಲ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ನಲ್ಲಿ ಹೊರಹೋಗುವುದು ಸುಮಾರು 800ರಿಂದ 1000 ಮಿಲಿಗ್ರಾಂ. ಹಿಡಿತದ ಊಟದಲ್ಲೂ ದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ಒಳಬರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ತ ಸೇರುತ್ತದೆ. ವಾರಕ್ಕೆ ಏಳು ದಿನ ಉಣ್ಣುತ್ತೇವೆ, ಡಯಾಲಿಸಿಸ್ ಎರಡೋ ಮೂರೋ ಸಲ. ಲೆಕ್ಕ ನೀವೇ ಹಾಕಿ.

  ಹಾಗಾಗಿ ಊಟದಲ್ಲೇ ಹಿಡಿತ ಬೇಕು. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರದ ಈ ಸೀಮೆಯಲ್ಲಿ ಕಿಡ್ನಿ ರೋಗಿಯ ಪಥ್ಯ ಎಂದರೆ ಮೊದಲು ಬರುವ ಪ್ರಶ್ನೆ ಮುದ್ದೆಯದು. ನೂರು ಗ್ರಾಂ ರಾಗಿಯಲ್ಲಿ 200ರಿಂದ 280 ಮಿಲಿಗ್ರಾಂ ರಂಜಕವಿದೆ, ಪಾಲಿಶ್ ಅಕ್ಕಿಗಿಂತ ಹೆಚ್ಚು. ಆದರೆ ರಾಗಿಯಲ್ಲೂ ಕಾಳುಗಳಲ್ಲೂ ಬಹುಪಾಲು ರಂಜಕ ಫೈಟೇಟ್ ಎಂಬ ರೂಪದಲ್ಲಿ ಬಿಗಿದುಕೊಂಡಿರುತ್ತದೆ. ಅದನ್ನು ಪೂರ್ತಿ ಬಿಡಿಸಿಕೊಳ್ಳುವ ಶಕ್ತಿ ನಮ್ಮ ಕರುಳಿಗಿಲ್ಲ. ಮೊಳಕೆ ಬರಿಸಿದರೆ ಆ ಬಿಗಿ ಸಡಿಲವಾಗುತ್ತದೆ, ಆದ್ದರಿಂದ ಗಟ್ಟಿಮುಟ್ಟಾದವರಿಗೆ ಒಳ್ಳೆಯದಾದ ಮೊಳಕೆ ರಾಗಿ ಕಿಡ್ನಿ ಸೋತವರಿಗೆ ತಕ್ಕದ್ದಲ್ಲ. ಹೆದರಿ ಮುದ್ದೆಯನ್ನೇ ಬಿಟ್ಟು ಸೊರಗುವುದು ನನಗೆ ಸರಿ ಕಾಣುವುದಿಲ್ಲ. ಎಷ್ಟು ತಿನ್ನಬಹುದು ಎಂದು ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ.

ಹೆಚ್ಚು ಎಚ್ಚರ ಬೇಕಾದದ್ದು ಬಸ್ಸಾರಿನಲ್ಲಿ. ಸೊಪ್ಪು, ಕಾಳು ಬೇಯಿಸಿ ಬಸಿದಾಗ ರಂಜಕದ ಒಂದು ಪಾಲು, ಅದಕ್ಕಿಂತ ಹೆಚ್ಚಾಗಿ ಪೊಟ್ಯಾಸಿಯಂ, ಬಸಿದ ಕಟ್ಟಿನ ನೀರಿಗೆ ಇಳಿಯುತ್ತದೆ. ನಾವು ಖಾರ ರುಬ್ಬಿ ಹಾಕಿ ಸಾರು ಮಾಡುವುದು ಆ ಕಟ್ಟಿನಿಂದಲೇ. ಕಿಡ್ನಿ ಸೋತವರಿಗೆ ಹಿತಮಿತವಾಗಿ ಬಸಿದ ಪಲ್ಯ ಬಡಿಸಿ, ಸಾರು ಮನೆಯ ಮಿಕ್ಕವರಿಗಿರಲಿ. ಕಲ್ಲು ಕರಗುತ್ತದೆಂದು ಹುರುಳಿ ಕಟ್ಟು ಕುಡಿಸುವ ರೂಢಿ ನಮ್ಮಲ್ಲಿದೆ. ಕಿಡ್ನಿಯಲ್ಲಿ ಕಲ್ಲಾಗುವುದು ಬೇರೆ, ಕಿಡ್ನಿಯೇ ಸೋಲುವುದು ಬೇರೆ. ಸೋತವರಿಗೆ ದಯವಿಟ್ಟು ಅದನ್ನು ಕುಡಿಸಬೇಡಿ.

ಹಾಲು, ಮೊಸರು, ಈಲಿ, ಮುಳ್ಳುಸಮೇತ ತಿನ್ನುವ ಸಣ್ಣ ಮೀನು, ಇವುಗಳ ರಂಜಕ ಕಾಳಿನದಕ್ಕಿಂತ ಸುಲಭವಾಗಿ ರಕ್ತ ಸೇರುತ್ತದೆ. ಮೊಟ್ಟೆಯಲ್ಲಿ ರಂಜಕ ಇರುವುದು ಹೆಚ್ಚಾಗಿ ಹಳದಿಯಲ್ಲಿ. ಬಿಳಿ ಭಾಗದಲ್ಲಿ ಪ್ರೋಟೀನು ಹೆಚ್ಚು, ರಂಜಕ ತೀರಾ ಕಡಿಮೆ. ಎಲ್ಲಕ್ಕಿಂತ ಕೆಟ್ಟದ್ದು ಕಾರ್ಖಾನೆಯಲ್ಲಿ ಬೆರೆಸಿದ ಫಾಸ್ಫೇಟು. ಅದು ಹೆಚ್ಚೂಕಡಿಮೆ ಪೂರ್ತಿ ಮೈಗೆ ಹತ್ತುತ್ತದೆ. ಕಪ್ಪು ಕೋಲಾದಲ್ಲಿ, ಸಂಸ್ಕರಿಸಿದ ಚೀಸಿನಲ್ಲಿ, ಎಷ್ಟೋ ಪೊಟ್ಟಣದ ತಿಂಡಿಗಳಲ್ಲಿ ಅದಿದೆ. ಎಷ್ಟಿದೆ ಎಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. ಚೀಟಿಯಲ್ಲಿ 338ರಿಂದ 341, 450ರಿಂದ 452 ಎಂಬ ಸಂಖ್ಯೆಗಳಿದ್ದರೆ ಅದು ಫಾಸ್ಫೇಟಿನ ಗುರುತು. ಓದುವ ಮಕ್ಕಳ ಕೈಲಿ ನೋಡಿಸಿ.

ಇನ್ನು ಮಾತ್ರೆ. ಕ್ಯಾಲ್ಸಿಯಂ ಅಸಿಟೇಟ್, ಕ್ಯಾಲ್ಸಿಯಂ ಕಾರ್ಬೊನೇಟ್, ಸೆವೆಲಮರ್, ಇವುಗಳಲ್ಲೊಂದನ್ನು ಡಾಕ್ಟರು ಬರೆದಿರುತ್ತಾರೆ. ಇವು ರಂಜಕವನ್ನು ಹಿಡಿಯುವುದು ರಕ್ತದಲ್ಲಲ್ಲ, ಹೊಟ್ಟೆ ಕರುಳಲ್ಲಿ. ತಿಂದ ಅನ್ನದ ಜೊತೆ ಬೆರೆತು, ರಂಜಕವನ್ನು ಹಿಡಿದುಕೊಂಡು ಮಲದಲ್ಲಿ ಹೊರಗೆ ಹೋಗುತ್ತವೆ. ಮೂಳೆಗೆ ಬಲ ಬರಲು ಕೊಟ್ಟ ಕ್ಯಾಲ್ಸಿಯಂ ಎಂದುಕೊಂಡು ರಾತ್ರಿ ಮಲಗುವಾಗ ನುಂಗಿದರೆ, ಹಿಡಿಯಲು ಅಲ್ಲಿ ಅನ್ನವೇ ಇರುವುದಿಲ್ಲ. ಮಾತ್ರೆ ತಟ್ಟೆಯ ಪಕ್ಕದಲ್ಲೇ ಇರಲಿ, ತುತ್ತುಗಳ ನಡುವೆಯೇ ಹೋಗಲಿ. ಬೀಗರೂಟಕ್ಕೆ ಹೊರಟಾಗ ಜೇಬಿನಲ್ಲಿರಲಿ. ತುರಿಕೆ ನಿಂತಿತೆಂದು ನೀವಾಗಿ ಬಿಡಬೇಡಿ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಎರಡು ಮಾತು ಕೇಳಿ: ನನ್ನ ಫಾಸ್ಫರಸ್ ಎಷ್ಟಿದೆ, ಈ ಮಾತ್ರೆಯನ್ನು ಯಾವ ಊಟದ ಜೊತೆ ಎಷ್ಟು ತಗೋಬೇಕು. ಮನೆಯಲ್ಲಿ ಅಡುಗೆ ಮಾಡುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ.